ಹದ್ದಿಗೆ ಕಂಡ ಬಂಡೆ

ಅಮೆರಿಕದ ಅಟ್ಲಾಂಟಾ ಬಳಿಯ ಸುವಾನಿ ಊರಿನ ಗೋಪಿನಾಥನಿಗೆ ಆ ಶನಿವಾರ ಬೆಳಗಿನ ಕಾಫಿ ಮುಗಿಯುವ ತನಕ ತನ್ನ ಬೋಳುತಲೆಯ ಬಗ್ಗೆ ಯಾವ ಚಿಂತೆಯೂ ಇರಲಿಲ್ಲ. ಮಧ್ಯಾಹ್ನ ಕನ್ನಡ ಸಂಘದ ಪಿಕ್ನಿಕ್‌ನಲ್ಲಿ ಪ್ರಾಚೀನ ಗ್ರೀಸಿನ ಒಬ್ಬ ದುರಂತ ನಾಟಕಕಾರನ ಬಗ್ಗೆ ಹತ್ತು ನಿಮಿಷ ಮಾತಾಡಬೇಕಿತ್ತು. ಜೀವನದಲ್ಲಿ ಗೋಪಿನಾಥನಿಗೆ ಸಿಕ್ಕ ಮೊದಲ ಮೈಕು. ತೊಂಬತ್ತರಷ್ಟು ನಾಟಕ ಬರೆದವನು, ಉಳಿದದ್ದು ಏಳೇ ಅಂತೆಲ್ಲ ಬಾಯಿಪಾಠ ಮಾಡಿದ್ದ. ಟಿಪ್ಪಣಿಯ ಕೊನೆಯ ಪುಟವನ್ನು ಮಾತ್ರ ಈಗ ಓದಿದ.

ಮೇಲಿಂದ ಏನೋ ಬಿದ್ದು ಸಾಯುತ್ತೀಯ ಎಂದು ಯಾರೋ ಭವಿಷ್ಯ ನುಡಿದರಂತೆ. ನಾಟಕಕಾರ ಸೂರಿಗೆ ಹೆದರಿ ಬಯಲಿನಲ್ಲಿ ಕೂತನಂತೆ. ಆಮೆಯ ಚಿಪ್ಪು ಒಡೆಯಲು ಬಂಡೆ ಹುಡುಕುತ್ತಿದ್ದ ಹದ್ದು ಅವನ ಬೋಳುತಲೆಯ ಮೇಲೇ ಆಮೆ ಬಿಟ್ಟಿತಂತೆ.

ಗೋಪಿನಾಥನ ಕೈ ತಾನಾಗಿ ತಲೆಗೆ ಹೋಯಿತು. ಎಣ್ಣೆ ಸವರಿದ ದೋಸೆ ಕಾವಲಿಯಂತೆ ನುಣ್ಣಗಿತ್ತು. ಗಾಳಿಗೆಂದು ಹಿತ್ತಲ ಕಡೆಯ ಡೆಕ್‌ಗೆ ಬಂದರೆ, ಮೇಲೆ ಹದ್ದೊಂದು ನಿಧಾನವಾಗಿ ಸುತ್ತುತ್ತಿತ್ತು.

"ಶಫೀವುಲ್ಲಾ ಅವ್ರೇ, ಅದೇನು?" ಎಂದು ಪಕ್ಕದ ಮನೆಯವರನ್ನು ಕೇಳಿದ.

"ಹಾಕ್ ಸಾರ್. ಒಂದು ವಾರದಿಂದ ಇಲ್ಲೇ ಇದೆ. ಹಿಂದ್ಗಡೆ ತೊರೆಯಲ್ಲಿ ಟರ್ಟಲ್ ಜಾಸ್ತಿ ಆಗಿವೆ ನೋಡಿ."

ಆಮೆಯ ಮಾತು ಕಿವಿಗೆ ಬಿದ್ದದ್ದೇ ಗೋಪಿನಾಥ ಒಳಗೆ ಓಡಿ ಬಾಗಿಲು ಹಾಕಿಕೊಂಡ.

"ನೀರಜಾ, ಪ್ರೋಗ್ರಾಂ ಹಾಲಲ್ಲಿ ತಾನೆ?"

"ಪಾರ್ಕಲ್ಲಿ ರೀ. ಓಪನ್ ಗ್ರೌಂಡ್."

"ನಂಗೆ ಜ್ವರ."

ಹೆಂಡತಿ ಹಣೆ ಮುಟ್ಟಿ ನೋಡಿದಳು. "ಫ್ರಿಜ್ ಥರ ತಣ್ಣಗಿದ್ದೀರ. ಹೊರಡಿ."

ಟೋಪಿ ಹಾಕಿ ನೋಡಿದ. ಬಟ್ಟೆ ಆಮೆಯನ್ನು ತಡೆದೀತೇ? ಕೊನೆಗೆ ಮಗಳು ನಿಧಿಯ ಗುಲಾಬಿ ಬೈಕ್ ಹೆಲ್ಮೆಟ್ ತಲೆಗೇರಿತು.

"ಅಪ್ಪಾ, ಸೋ ಎಂಬರಾಸಿಂಗ್! ಕಾರಲ್ಲಿ ಹೆಲ್ಮೆಟ್ ಯಾಕೆ?"

"ಸನ್‌ರೂಫ್ ಇದೆಯಲ್ಲಮ್ಮ."

ಪಾರ್ಕಿನಲ್ಲಿ ಸಂಘದ ಅಧ್ಯಕ್ಷೆ ಶ್ರೀಲತಾ, "ಫೋಟೋ ಚೆನ್ನಾಗಿ ಬರ್ಬೇಕು ಸಾರ್," ಎಂದು ಹೆಲ್ಮೆಟ್ ಕಿತ್ತುಕೊಂಡೇಬಿಟ್ಟರು. ಬಿಸಿಲಿಗೆ ತಲೆ ಫಳಫಳ ಹೊಳೆಯಿತು. ಗೋಪಿನಾಥ ಕಣ್ಣನ್ನು ಆಕಾಶಕ್ಕೆ ನೆಟ್ಟು ಮಾತು ಶುರುಮಾಡಿದ.

"ಅವನು ಯುದ್ಧದಲ್ಲಿ ಹೋರಾಡಿದ ಧೀರ. ಗೋರಿಯ ಮೇಲೆ ಅದನ್ನಷ್ಟೇ ಕೆತ್ತಿದ್ದಾರಂತೆ, ನಾಟಕಗಳ ಮಾತೇ ಇಲ್ಲ..."

ಹದ್ದು ಬೋಳುತಲೆಯ ಮೇಲೆ ಆಮೆ ಬಿಟ್ಟ ಕತೆಯನ್ನೂ ಹೇಳಿ, ಮುಂದಿನ ಸಾಲಿಗೆಂದು ಕಣ್ಣು ಕೆಳಗಿಳಿಸಿದಾಗ ಕಪ್ಪು ನೆರಳೊಂದು ಕೈಯಲ್ಲಿದ್ದ ಕಾಗದದ ಮೇಲೆ ಹಾದುಹೋಯಿತು.

"ಬಂತು! ಬಂತು! ನಾನು ಬಂಡೆ ಅಲ್ಲ! ತಲೆ ಕಣೋ, ಇದು ತಲೆ!" ಎಂದು ಗೋಪಿನಾಥ ಕಿರುಚಿ ಮೇಜಿನಡಿ ತೂರಿಕೊಂಡ. ಮೈಕಿನಲ್ಲಿ ಅವನ ಹಲ್ಲು ಕಟಕಟಿಸುವುದು ಪಾರ್ಕಿಗೆಲ್ಲ ಕೇಳಿಸಿತು.

ಮರುಕ್ಷಣ ಚಪ್ಪಾಳೆಯ ಸುರಿಮಳೆ. ಮಗಳ ಮನೆಗೆ ಬಂದಿದ್ದ ಮೈಸೂರಿನ ಚನ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಏನು ಆಕ್ಟಿಂಗಪ್ಪಾ! ಮೈ ಜುಂ ಅಂತು."

"ಆಕ್ಟಿಂಗ್ ಅಲ್ಲ ಅಮ್ಮಾ, ನಂಗೆ ನಿಜವಾಗ್ಲೂ ಭಯ..."

"ಎಷ್ಟು ವಿನಯ ನೋಡಿ!"

ಮೇಲೆ ನೋಡಿದರೆ ಹದ್ದು ಇರಲಿಲ್ಲ. ಅಂತೂ ಬದುಕಿದೆ ಎಂದು ಗೋಪಿನಾಥ ಮೇಜಿನಡಿಯಿಂದ ಈಚೆ ಬರುವಷ್ಟರಲ್ಲಿ ಶ್ರೀಲತಾ ಮೈಕು ಹಿಡಿದಾಗಿತ್ತು.

"ಮುಂದಿನ ತಿಂಗಳು ಅಟ್ಲಾಂಟಾ, ಕೆರೊಲಿನಾ ಸಂಘಗಳೆಲ್ಲ ಸೇರೋ ಸಮ್ಮೇಳನದಲ್ಲಿ ಇದನ್ನೇ ನಾಟಕ ಮಾಡ್ತೀವಿ. ಗೋಪಿನಾಥ್ ಸಾರೇ ಹೀರೋ, ಮೇಕಪ್ಪೂ ಬೇಡ! ನಮ್ಮ ಶಫೀವುಲ್ಲಾ ಅವ್ರು ಡ್ರೋನಿಂದ ಆಮೆ ಬಿಡ್ತಾರೆ."

"ಥರ್ಮೋಕೋಲ್ ಆಮೆ ತಾನೆ?" ಗೋಪಿನಾಥ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಕೇಳಿದ.

"ಅದು ಗಾಳಿಗೆ ಹಾರೋಗುತ್ತೆ ಸಾರ್, ಸ್ವಲ್ಪ ವೆಯ್ಟ್ ಬೇಕು," ಎಂದು ಶಫೀವುಲ್ಲಾ ಅವನ ತಲೆಯ ಅಳತೆಯನ್ನು ಕಣ್ಣಲ್ಲೇ ತೆಗೆದುಕೊಂಡರು. "ನಂಗೂ ಡ್ರೋನ್ ಹೊಸದು. ನಾಳೆಯಿಂದ್ಲೇ ಪ್ರಾಕ್ಟೀಸ್ ಮಾಡೋಣ. ನೀವು ನಮ್ಮ ಬ್ಯಾಕ್‌ಯಾರ್ಡಲ್ಲಿ ಅಲ್ಲಾಡ್ದೆ ಕೂತ್ರೆ ಸಾಕು."