ದಶಮಾಂಶಕ್ಕೆ ಸಿಕ್ಕಿಬಿದ್ದ ವರ

ಶೃಂಗೇರಿಯ ಉಮಾಮಹೇಶ್ವರ ಭಟ್ಟರು ಜಾತಕದ ವಿಷಯದಲ್ಲಿ ನಂಬುತ್ತಿದ್ದದ್ದು ತಮ್ಮ ಮುದಿ ಕಂಪ್ಯೂಟರಿನ ಒಂದು ಪ್ರೋಗ್ರಾಮನ್ನು ಮಾತ್ರ. ಮಗಳು ದೀಪಶ್ರೀಯ ಜಾತಕ ಕೂಡಿಸಿ ನೋಡಬೇಕೆಂದಿದ್ದ ವಾರವೇ ಸಿಡಿಲು ಹೊಡೆದು ಆ ಕಂಪ್ಯೂಟರು ಸತ್ತಿತು.

ವರ ಶಿಶಿರ, ಬಾಳಗಡಿಯಲ್ಲಿ ಕಂಪ್ಯೂಟರ್ ಮೇಷ್ಟ್ರು. ಅವನೂ ದೀಪಶ್ರೀಯೂ ಒಬ್ಬರನ್ನೊಬ್ಬರು ಯಾವತ್ತೋ ಒಪ್ಪಿಯಾಗಿತ್ತು, ಜಾತಕವೊಂದೇ ಬಾಕಿ. ಸತ್ತ ಯಂತ್ರದ ಹೊಟ್ಟೆಯಿಂದ ಪ್ರೋಗ್ರಾಮನ್ನು ಹೇಗೋ ಹೊರತೆಗೆದು, ತನ್ನ ಲ್ಯಾಪ್‌ಟಾಪಿಗೆ ಹಳೇ ಕಂಪ್ಯೂಟರಿನ ವೇಷ ಹಾಕಿಸಿ, ಭಾನುವಾರ ಬೆಳಿಗ್ಗೆ ತಾಯಿ ಅನ್ನಪೂರ್ಣೇಶ್ವರಿಯ ಜೊತೆ ಭಟ್ಟರ ಜಗುಲಿಯಲ್ಲಿ ಬಂದು ಕೂತ. ಗುಂಡಿ ಒತ್ತಿದ. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು: ವರ ರೋಹಿಣಿ ನಕ್ಷತ್ರ, ಮನುಷ್ಯಗಣ, ಹೊಂದಾಣಿಕೆ ಉತ್ತಮ.

“ಆಯ್ತಲ್ಲ! ಇನ್ನು ನಿಶ್ಚಿತಾರ್ಥಕ್ಕೆ ದಿನ ನೋಡೋದು,” ಎಂದರು ಭಟ್ಟರು.

ಬೇರೆ ಯಾರಾದರೂ ಆಗಿದ್ದರೆ ಲ್ಯಾಪ್‌ಟಾಪ್ ಮುಚ್ಚಿ ಕಾಫಿ ಕುಡಿಯುತ್ತಿದ್ದರು. ಶಿಶಿರ ಹೇಳಿಕೇಳಿ ಮೇಷ್ಟ್ರು.

“ಒಂದ್ನಿಮಿಷ ಮಾವ. ನಾನು ಹುಟ್ಟಿದ ಹೊತ್ತಲ್ಲಿ ಚಂದ್ರ ಕೃತ್ತಿಕೆ, ರೋಹಿಣಿ ಗಡಿ ಮೇಲೇ ಇದಾನೆ. ಇದು ಬೇಗದ ಲೆಕ್ಕ, ದಶಮಾಂಶದ ಕೊನೇ ಅಂಕಿಗಳನ್ನ ಅಂದಾಜಲ್ಲಿ ಹಾರಿಸ್ಬಿಡತ್ತೆ. ನಿಮ್ಮ ಹಳೇ ಕಂಪ್ಯೂಟರ್ ಮಾಡ್ತಿದ್ದ ಹಾಗೇ ಒಂದೊಂದು ಅಂಕಿನೂ ಮಾಡಿಸ್ತೀನಿ. ತಡ ಆಗತ್ತೆ, ಆದ್ರೆ ಕೂದಲೆಳೆಯಷ್ಟೂ ತಪ್ಪಲ್ಲ.”

ದೀಪಶ್ರೀ ಬಾಗಿಲ ಸಂದಿಯಿಂದ ಬೇಡವೆಂದು ಕಣ್ಸನ್ನೆ ಮಾಡಿದಳು. ಪಕ್ಕದಲ್ಲಿದ್ದ ಅನ್ನಪೂರ್ಣೇಶ್ವರಿ ಮಗನ ತೊಡೆ ಚಿವುಟಿದರು. ಶಿಶಿರ ಹಿಡಿದ ಹಟ ಬಿಡಲಿಲ್ಲ.

ಊಟವಾಯಿತು, ಭಟ್ಟರ ನಿದ್ದೆಯೂ ಆಯಿತು, ಲೆಕ್ಕ ಮಾತ್ರ ಮುಗಿಯಲಿಲ್ಲ. ಪಕ್ಕದ ಮನೆಯ ಸೋಮನಾಥ್ ಬಂದು ಪರದೆಗೆ ಮುಖವಿಟ್ಟರು.

“ಎಂತ ಮಾರಾಯ, ನಿನ್ನ ಚಂದ್ರ ಹೊತ್ತಿಗೆ ಬಾರದ ಕೆರೆಕಟ್ಟೆ ಬಸ್ಸಿಗೆ ಕಾಯ್ತಿದಾನಾ? ಬೇಗದ್ದನ್ನೇ ಇನ್ನೊಂದ್ಸಲ ಒತ್ತು. ಎರಡು ಸಲ ಹಾಗೇ ಬಂದ್ರೆ ನಿಜ ಅಂತ್ಲೇ ಲೆಕ್ಕ.”

“ಎರಡು ಸಲ ಹೇಳಿದ್ರೆ ಸುಳ್ಳು ನಿಜ ಆಗಲ್ಲ ಸೋಮನಾಥಣ್ಣ.”

ಅಷ್ಟರಲ್ಲಿ ಕರೆಂಟು ಹೋಯಿತು. ಬ್ಯಾಟರಿಯೂ ಕೊನೆಯುಸಿರೆಳೆಯುತ್ತಿತ್ತು. ಇನ್ವರ್ಟರ್ ಇದ್ದದ್ದು ಸೋಮನಾಥರ ಮನೆಯಲ್ಲಿ. ಶಿಶಿರ ಲ್ಯಾಪ್‌ಟಾಪನ್ನು ಹಸುಗೂಸಿನಂತೆ ಎದೆಗವಚಿಕೊಂಡು ಓಡಿದ; ಹಿಂದಿನಿಂದ ಎಲ್ಲರೂ ದಿಬ್ಬಣದ ಹಾಗೆ ನಡೆದರು. ಅಲ್ಲಿ ಅದು ಕಾವಲಿಯಂತೆ ಕಾದಾಗ ಬೀಸಣಿಗೆಯಿಂದ ಗಾಳಿ ಹಾಕುತ್ತ ಕೂತ.

ದೀಪ ಹಚ್ಚುವ ಹೊತ್ತಿಗೆ ಉತ್ತರ ಬಂತು: ವರ ಕೃತ್ತಿಕೆ ನಕ್ಷತ್ರ, ರಾಕ್ಷಸಗಣ, ಹೊಂದಾಣಿಕೆ ಇಲ್ಲ.

ಬೆಳಿಗ್ಗೆ ಮನುಷ್ಯನಾಗಿದ್ದ ಅಳಿಯ ಸಂಜೆಗೆ ರಾಕ್ಷಸನಾದದ್ದನ್ನು ಭಟ್ಟರು ದಿಟ್ಟಿಸಿ ನೋಡಿದರು. “ಬೇಕಿತ್ತಾ ಇದು?” ಎಂದು ದೀಪಶ್ರೀ ಎಲ್ಲರೆದುರೇ ಕೇಳಿಬಿಟ್ಟಳು. ಶಿಶಿರನಿಗೆ ಅಳು ಬರುವುದೊಂದು ಬಾಕಿ.

ಮಗನ ಮುಖ ನೋಡಲಾಗದೆ ಅನ್ನಪೂರ್ಣೇಶ್ವರಿ ಬಾಯಿ ಬಿಟ್ಟರು. “ಭಟ್ರೇ, ಇವನು ಹುಟ್ಟಿದಾಗ ಮನೆ ಗಡಿಯಾರ ನಿಂತಿತ್ತು. ಹಾಲು ಕರೆಯೋ ಹೊತ್ತಲ್ವಾ ಅಂತ ಇವರಪ್ಪ ಸುಮಾರಿಗೆ ಐದೂವರೆ ಬರೆಸಿದ್ದು. ಅದಕ್ಕೆ ಇಷ್ಟೆಲ್ಲ ಲೆಕ್ಕ ಯಾಕೆ?”

ಶಿಶಿರ ಜಿಗಿದೆದ್ದ. “ಹಾಗಾದ್ರೆ ಈ ರಾಕ್ಷಸ ಸುಳ್ಳು ಮಾವ! ಬೆಳಿಗ್ಗೆದ್ದೇ ಇಟ್ಕೊಳಿ. ಸುಮಾರಿಗೆ ಸರಿ ಇದ್ರೆ ಸಾಕು!”

“ಛೆ ಛೆ, ಸುಮಾರಾದ್ರೆ ಹೇಗೆ ಸಾಕಾಗತ್ತೆ?” ಎಂದರು ಭಟ್ಟರು, ಅವನ ಬೆನ್ನು ತಟ್ಟಿ. “ಇವತ್ತು ನನ್ನ ಕಣ್ಣು ತೆರೆಸಿದವನೇ ನೀನು. ಹುಟ್ಟಿದ ಹೊತ್ತನ್ನ ಸೆಕೆಂಡಿಗೆ ಸರಿಯಾಗಿ ಪತ್ತೆ ಮಾಡ್ಕೊಂಡು ಬಾ. ನಿಧಾನಕ್ಕೇ ಮಾಡಪ್ಪ, ನಮಗೇನೂ ಅವಸರ ಇಲ್ಲ.”