ಹೆಸರು ಕೇಳದೆ ಬಂದೆ

ನಮ್ಮ ಆದವಾನಿಯವರ ಬಾಯಿಗೆ ಒಂದು ಚಟವಿದೆ. ರೈಲಿನಲ್ಲಿ ಎದುರು ಕೂತವರ ಹೆಸರು, ಊರು, ಯಾರ ಪೈಕಿ, ಮಕ್ಕಳೆಷ್ಟು ಎಂಬುದನ್ನೆಲ್ಲ ಗುಂತಕಲ್ಲು ಬರುವಷ್ಟರಲ್ಲಿ ತಿಳಿದುಕೊಳ್ಳದಿದ್ದರೆ ನಮಗೆ ತಿಂದದ್ದು ಅರಗುವುದಿಲ್ಲ. ಹತ್ತಿ ಮಂಡಿಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದ ನನಗಂತೂ ಈ ಚಟ ತುಸು ಹೆಚ್ಚು. ಜೀವನದಲ್ಲಿ ಒಂದೇ ಒಂದು ತಿಂಗಳು ಅದನ್ನು ಬಿಟ್ಟಿದ್ದೆ. ಯಾಕಾದರೂ ಬಿಟ್ಟೆನೋ ಎಂದು ಈಗಲೂ ಮರುಗುತ್ತೇನೆ.

ತಂಗಿಯ ಮಗಳು ಸುಮಾ ಆಸ್ಟ್ರೇಲಿಯಾದಲ್ಲಿ ನರ್ಸು. ಅಲ್ಲಿ ಮನೆ ಕೊಂಡವಳು, ಗೃಹಪ್ರವೇಶಕ್ಕೆ ಸೋದರಮಾವ ಬೇಕೇ ಬೇಕೆಂದು ಹಟ ಹಿಡಿದು ನನ್ನನ್ನು ಕರೆಸಿಕೊಂಡಳು. ನನ್ನ ಹೆಂಡತಿ ಮಂಡಿನೋವೆಂದು ಊರಲ್ಲೇ ಉಳಿದಳು. ವಿಮಾನ ಇಳಿದ ದಿನವೇ ಸುಮಾಳ ಕಟ್ಟಪ್ಪಣೆಯಾಯಿತು. “ಮಾಮ, ಇಲ್ಲಿ ಯಾರನ್ನೂ ಹೆಸರೇನು, ಮಕ್ಳೆಷ್ಟು ಅಂತ ಕೇಳಬ್ಯಾಡ್ರಿ. ತಪ್ಪು ತಿಳ್ಕಂತಾರ.”

“ಮತ್ತ ಏನು ಮಾತಾಡಬೇಕವ್ವ?”

“ಬಿಸಿಲು, ಮಳಿ. ಅಷ್ಟ.”

ಮನೆಯವರೆಲ್ಲ ಕೆಲಸಕ್ಕೆ ಹೋದ ಮೇಲೆ ನಾನು ಪಾರ್ಕಿನ ಬೆಂಚಿನ ಮೇಲೆ ಹೋಗಿ ಕೂರುತ್ತಿದ್ದೆ. ಅಲ್ಲಿಗೆ ನನ್ನದೇ ವಯಸ್ಸಿನ, ನನ್ನ ಎರಡರಷ್ಟು ಗಾತ್ರದ ಒಬ್ಬಾತ ಬರುತ್ತಿದ್ದ. ಮೊದಲ ದಿನವೇ “ಗುಡೇ, ಮೇಟ್” ಎಂದ. ಮೇಟ್ ಅಂದರೆ ಗೆಳೆಯ. ಅಲ್ಲಿ ಯಾರು ಯಾರನ್ನು ಬೇಕಾದರೂ ಹಾಗೆ ಕರೆಯಬಹುದಂತೆ. ಆತನೇ ನನಗೆ ಆಡುಮಾತಿನ ಮೇಷ್ಟ್ರಾದ. ಬೆಳಗಿನ ತಿಂಡಿಗೆ ‘ಬ್ರೆಕ್ಕಿ’, ಮಧ್ಯಾಹ್ನಕ್ಕೆ ‘ಆರ್ವೊ’, ಏನೇ ಆದರೂ ‘ನೋ ವರೀಸ್’, ಅಂದರೆ ಚಿಂತೆಯಿಲ್ಲ ಬಿಡು. ಎಲ್ಲವನ್ನೂ ಕಂಠಪಾಠ ಮಾಡಿದೆ. ಬದಲಿಗೆ ಆತನಿಗೆ ‘ಏನಪಾ, ಆರಾಮ ಅದೀಯ?’ ಎನ್ನುವುದನ್ನು ಕಲಿಸಿದೆ. ಆತನ ನಾಲಿಗೆಗೆ ನಿಂತದ್ದು ಮೊದಲ ಮಾತಷ್ಟೇ. ಆ ಭಾರಿ ಆಸಾಮಿ ಗೇಟಿನಿಂದಲೇ “ಏನಪಾ!” ಎಂದು ಕೂಗಿದರೆ ಊರಿನವರೇ ಕರೆದಂತೆ ಹಿಗ್ಗುತ್ತಿದ್ದೆ.

ಒಂದು ದಿನ ಆತನೇ ನನ್ನ ಹೆಂಡತಿಯ ವಿಷಯ ಕೇಳಿದ. ಮಂಡಿನೋವಿನ ಕಥೆ ಹೇಳಿದೆ. “ನನ್ನವಳು...” ಎಂದು ಏನೋ ಶುರುಮಾಡಿದವನು ತಡೆದು, ಕೈಯಲ್ಲಿದ್ದ ಟೋಪಿಯನ್ನು ತಿರುಗಿಸುತ್ತ ಕೂತ. ‘ಯಾಕಪಾ, ಏನಾತು?’ ಎನ್ನುವುದು ನನ್ನ ಬಾಯಿಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಸುಮಾಳ ಅಪ್ಪಣೆ ನೆನಪಾಯಿತು. ಕಲಿತ ವಿದ್ಯೆಯನ್ನು ತೋರಿಸುವ ಹುಮ್ಮಸ್ಸೂ ಇತ್ತು, ಸುಳ್ಳು ಯಾಕೆ ಹೇಳಲಿ. “ನೋ ವರೀಸ್, ಮೇಟ್” ಎಂದುಬಿಟ್ಟೆ. ಆತ ಟೋಪಿ ಹಾಕಿಕೊಂಡು ಎದ್ದುಹೋದ. ನನ್ನಂಥ ದಡ್ಡ ಇನ್ನೊಬ್ಬನಿಲ್ಲ.

ಮರುದಿನ ಆತ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾನು ಊರಿಗೆ ಹೊರಡುವ ದಿನ ಬಂತು. ಒಮ್ಮೆ ಕಂಡು, ಕೇಳಬೇಕಾದದ್ದನ್ನು ಕೇಳಿಯೇ ಹೋಗೋಣವೆಂದು ಪಾರ್ಕಿನೆದುರಿನ ಬೇಕರಿಯಲ್ಲಿ ವಿಚಾರಿಸಿದೆ. ಅಂಗಡಿಯಾಕೆ ಆತನ ಹೆಸರೇನು ಎಂದಳು. ಮೇಟ್ ಎಂದೆ. ಆಕೆ ನಕ್ಕು, ಸಾಲಿನಲ್ಲಿ ನಿಂತಿದ್ದವರ ಕಡೆ ಕೈ ತೋರಿಸಿದಳು. ಅವರೆಲ್ಲರೂ ಮೇಟ್‌ಗಳೇ. ಮನೆ ಎಲ್ಲಿ? ಗೊತ್ತಿಲ್ಲ. ಏನು ಕೆಲಸ ಮಾಡುತ್ತಿದ್ದ? ಅದೂ ಗೊತ್ತಿಲ್ಲ. ಒಂದು ತಿಂಗಳು ಪಕ್ಕದಲ್ಲಿ ಕೂತವನ ಬಗ್ಗೆ ಆದವಾನಿಯವನೊಬ್ಬ ಏನೂ ತಿಳಿಯದೆ ನಿಂತದ್ದು ಅದೇ ಮೊದಲಿರಬೇಕು.

ಊರಿಗೆ ಬಂದು ಹೆಂಡತಿಯ ಮುಂದೆ ಎಲ್ಲವನ್ನೂ ತೋಡಿಕೊಂಡೆ. ಉಗ್ಗಾಣಿ ಬಡಿಸುತ್ತ ಪೂರ್ತಿ ಕೇಳಿಸಿಕೊಂಡಳು.

“ಆತನ ಹೆಸರು ಕೇಳಲಿಲ್ಲ, ಹೋಗ್ಲಿ ಬಿಡ್ರಿ. ನಿಮ್ಮ ಹೆಸರಾದ್ರೂ ಆತಗ ಹೇಳಿದ್ರೇನು?”

ಹೇಳಿರಲಿಲ್ಲ. ಆತ ಮತ್ತೆ ಬೆಂಚಿಗೆ ಬಂದಿರಬಹುದು. ನನ್ನನ್ನು ಕಾಣದೆ ಅದೇ ಬೇಕರಿಗೂ ಹೋಗಿರಬಹುದು. ಹೋಗಿ, ಏನಪಾ ಎಂಬ ಹೆಸರಿನ ಒಬ್ಬ ಮನುಷ್ಯ ಎಲ್ಲಿ ಹೋದನೆಂದು ವಿಚಾರಿಸಿರಬಹುದು.