ಶಿವಗಂಗವ್ವನ ಮೊಣಕಾಲಿನ ಪರವಾನಗಿ

ಔಷಧದೊಳಗೆ ಔಷಧ ಇರತಕ್ಕದ್ದೆಂಬುದು ಸರಕಾರದ ನಿಯಮ. ೧೯೮೮ರಲ್ಲಿ ಯಡೂರಿನಲ್ಲಿ ಈ ನಿಯಮದ ಉಲ್ಲಂಘನೆಯಾಯಿತು. ಪರಿಣಾಮವಾಗಿ ಶಿವಗಂಗವ್ವನೆಂಬ ಒಕ್ಕಲಗಿತ್ತಿಯನ್ನು ಔಷಧ ತಯಾರಕರೆಂದು ಘೋಷಿಸಲಾಯಿತು. ಇದರಲ್ಲಿ ಯಾರ ತಪ್ಪೂ ಇರಲಿಲ್ಲ.

ಶಿವಗಂಗವ್ವನಿಗೆ ಮೊಣಕಾಲು ನೋವು. ಕಬ್ಬಿನ ಹೊಲಕ್ಕೆ ಹೋದರೂ ಬದುವಿನ ಮೇಲೆ ಕೂತು ಸೊಸೆಯಂದಿರನ್ನು ಬೈಯುವುದಷ್ಟೇ ಅವಳಿಂದಾಗುತ್ತಿತ್ತು. ಶೇಡಬಾಳದಿಂದ ಬಂದು ಊರಲ್ಲಿ ಔಷಧದಂಗಡಿ ಇಟ್ಟಿದ್ದ ಜಯಪಾಲ ಅವಳಿಗೊಂದು ಗುಲಾಬಿ ಬಣ್ಣದ ಗುಳಿಗೆ ಕೊಟ್ಟ. ಸುಗ್ಗಿಯ ಹೊತ್ತಿಗೆ ಆಕೆ ಕೃಷ್ಣೆಯಿಂದ ಕೊಡ ತುಂಬಿಕೊಂಡು ಮೆಟ್ಟಿಲು ಹತ್ತತೊಡಗಿದಳು. ಅಂದಿನಿಂದ ಜಯಪಾಲ ಅವಳಿಗೆ ಒಡಹುಟ್ಟಿದ ತಮ್ಮನಾದ.

ಅಷ್ಟರಲ್ಲಿ ಔಷಧ ಇನ್ಸ್‌ಪೆಕ್ಟರ್ ವಿರುಪಾಕ್ಷಪ್ಪನವರು ಅವನ ಅಂಗಡಿಯಿಂದ ಒಯ್ದಿದ್ದ ಗುಳಿಗೆಗಳ ಪರೀಕ್ಷಾ ವರದಿ ಬಂತು. ಗುಳಿಗೆಯಲ್ಲಿ ಸೀಮೆಸುಣ್ಣವಿತ್ತು, ಬಣ್ಣವಿತ್ತು, ಔಷಧವಿರಲಿಲ್ಲ. ಲೇಬಲ್ಲು ಮಾತ್ರ ನಿರ್ದೋಷವಾಗಿತ್ತು. ಇಷ್ಟು ಚೊಕ್ಕ ಲೇಬಲ್ಲನ್ನು ಅಸಲಿ ಔಷಧದ ಮೇಲೆ ತಾವು ಕಂಡಿಲ್ಲವೆಂದು ಸಾಹೇಬರು ಮೆಚ್ಚುಗೆಯಿಂದ ದಾಖಲಿಸಿದರು.

ಇಂಥ ಗುಳಿಗೆ ಮಾರಿದವನಿಗೆ ಜೈಲು. ಆದರೆ ಯಾರಿಂದ ಕೊಂಡದ್ದೆಂದು ತೋರಿಸಿದರೆ ಅಪರಾಧವು ಮೇಲಿನವನಿಗೆ ವರ್ಗವಾಗುತ್ತದೆ. ಜಯಪಾಲ ನಿಪ್ಪಾಣಿಯ ಸಗಟು ವ್ಯಾಪಾರಿ ಬಾಪುಸಾಹೇಬರನ್ನು ತೋರಿಸಿದ. ಬಾಪುಸಾಹೇಬರು ಇನ್ಸ್‌ಪೆಕ್ಟರಿಗೆ ಚಹಾ ಕೊಟ್ಟು ಹೇಳಿದರು: "ಮಾಲ ಸೀಲಬಂದ ಬಂತ್ರಿ, ಸೀಲಬಂದ ಕೊಟ್ಟೀನಿ. ಒಳಗ ಏನೈತಿ ಅನ್ನೋದು ಕಾಯದೇ ಪ್ರಕಾರ ನನಗ ಗೊತ್ತಿರಬಾರದು."

ಲೇಬಲ್ಲಿನಲ್ಲಿದ್ದ ಕಂಪನಿಯ ವಿಳಾಸಕ್ಕೆ ಹೋದರೆ ಅಲ್ಲಿ ಎರಡು ಎಮ್ಮೆ ಕಟ್ಟಿದ್ದವು. ಸದರಿ ಎಮ್ಮೆಗಳ ಬಳಿ ಉತ್ಪಾದನಾ ಪರವಾನಗಿ ಕಂಡುಬರಲಿಲ್ಲವೆಂದು ಪಂಚನಾಮೆ ಆಯಿತು.

ಮೇಲೆ ಹೋಗಲು ಜಾಗವಿಲ್ಲದೆ ಅಪರಾಧವು ಕೆಳಗಿಳಿಯಿತು. ನಿಪ್ಪಾಣಿಯಲ್ಲಿ ಬಾಪುಸಾಹೇಬರ ವಕೀಲರು ಅದನ್ನು ನಿಲ್ಲಗೊಡಲಿಲ್ಲ. ಅದು ಯಡೂರಿಗೇ ಬಂದು ಜಯಪಾಲನ ಅಂಗಡಿಯಲ್ಲಿ ಕೂತಿತು. ಜಯಪಾಲನಿಗೆ ಅಷ್ಟು ದೊಡ್ಡ ವಕೀಲರಿರಲಿಲ್ಲ, ಶಿವಗಂಗವ್ವ ಇದ್ದಳು.

ಆಕೆ ಕೋರ್ಟಿಗೆ ಹೋಗಿ, ತಮ್ಮ ಕೊಟ್ಟದ್ದು ಖರೇ ಔಷಧವೆಂದು ಹೇಳಿ, ಎಲ್ಲರೆದುರು ಕುಕ್ಕರಗಾಲಲ್ಲಿ ಕೂತು ಎದ್ದು ತೋರಿಸಿದಳು. ಸರಕಾರಿ ಡಾಕ್ಟರರು ಪರೀಕ್ಷಿಸಿ, ಮೊಣಕಾಲು ಪೂರ್ತಿ ಗುಣವಾಗಿದೆಯೆಂದು ಬರೆದುಕೊಟ್ಟರು. ಹೀಗಾಗಿ ಗುಳಿಗೆಯಲ್ಲಿ ಔಷಧವಿಲ್ಲವೆಂಬ ಒಂದು ಸರಕಾರಿ ವರದಿ, ಕಾಲಿನಲ್ಲಿ ಗುಣವಿದೆಯೆಂಬ ಇನ್ನೊಂದು. ಸರಕಾರಿ ವರದಿ ಸುಳ್ಳಾಗುವಂತಿಲ್ಲ. ಆಗ ಸರಕಾರಿ ವಕೀಲರು ಎದ್ದು, ಗುಣವನ್ನು ಗುಳಿಗೆ ಪೂರೈಸಿಲ್ಲವಾದರೆ ಬೇರೆ ಯಾರೋ ಪೂರೈಸಿರಲೇಬೇಕು, ಮಾಲು ಸಿಕ್ಕಿರುವುದು ಈಕೆಯ ಬಳಿ, ಆದ್ದರಿಂದ ಪರವಾನಗಿಯಿಲ್ಲದೆ, ಲೇಬಲ್ಲಿಲ್ಲದೆ ಗುಣ ತಯಾರಿಸಿದವಳು ಶಿವಗಂಗವ್ವನೇ ಎಂದು ವಾದಿಸಿದರು. ಕೋರ್ಟಿನಲ್ಲಿ ಎಲ್ಲರಿಗೂ ನಿರಾಳವಾಯಿತು.

ಶಿವಗಂಗವ್ವ ಸ್ವಲ್ಪ ಯೋಚಿಸಿದಳು. "ನಾ ಹೂಂ ಅಂದ್ರ ಜಯಪಾಲ ಮನೀಗಿ ಹೋಗ್ತಾನೇನ್ರಿ?"

ಹೋಗುತ್ತಾನೆ ಎಂದರು ನ್ಯಾಯಾಧೀಶರು.

"ಹಂಗಾದ್ರ ಗುಣ ನಂದ ಐತ್ರಿ. ನಾನ ಮಾಡೀನಿ."

ಮೊದಲ ಅಪರಾಧವಾದ್ದರಿಂದ ಎಚ್ಚರಿಕೆ ಕೊಟ್ಟು, ಪರವಾನಗಿ ಪಡೆಯುವ ಷರತ್ತಿನ ಮೇಲೆ ಬಿಟ್ಟರು. ಲೇಬಲ್ಲನ್ನು ಮಾಲಿಗೇ, ಅಂದರೆ ಮೊಣಕಾಲಿಗೇ ಅಂಟಿಸಬೇಕು. ಆದರೆ ಮರ್ಯಾದೆಯ ಪ್ರಶ್ನೆ ಬಂದದ್ದರಿಂದ ಸೆರಗಿಗೆ ಪಿನ್ನು ಚುಚ್ಚಿಕೊಳ್ಳಲು ವಿಶೇಷ ಅನುಮತಿ ಸಿಕ್ಕಿತು. ಗುಣದ ಅವಧಿ ಮೂರು ವರ್ಷವೆಂದು ವಿರುಪಾಕ್ಷಪ್ಪನವರೇ ಬರೆದರು. ಬಾಪುಸಾಹೇಬರು ನಿಪ್ಪಾಣಿಯಿಂದ ಬಂದು, ಸೀರೆಯ ಉಡುಗೊರೆ ಕೊಟ್ಟು, ಮೊಣಕಾಲಿನ ಏಜೆನ್ಸಿ ಕೇಳಿದರು.

ಮರುವರ್ಷದ ಮಳೆಗಾಲದಲ್ಲಿ ನೋವು ಮರಳಿತು. ಶಿವಗಂಗವ್ವ ಕುಂಟುತ್ತ ಅಂಗಡಿಗೆ ಬಂದಾಗ ಜಯಪಾಲ ಗಾಬರಿಯಾಗಿ ಬಾಗಿಲು ಅರ್ಧ ಮುಚ್ಚಿದ.

"ಅಕ್ಕಾ, ಯಾರ ಮುಂದೂ ಅನಬ್ಯಾಡ. ಅವಧಿ ಮುಗಿಯೂ ಮೊದಲ ಗುಣ ಕೆಟ್ರ ಅದು ಕಳಪೆ ಮಾಲು. ತಯಾರು ಮಾಡಿದವರಿಗೆ ಜೈಲ ಐತಿ."

ಆಕೆ ಕುಂಟದೆ, ನೆಟ್ಟಗೆ ಮನೆಗೆ ನಡೆದು ಹೋದಳು.

ತಪಾಸಣೆಗೆ ವಿರುಪಾಕ್ಷಪ್ಪನವರು ಬಂದ ದಿನ ಶಿವಗಂಗವ್ವ ಹಲ್ಲು ಕಚ್ಚಿ ಅಂಗಳದ ಈ ತುದಿಯಿಂದ ಆ ತುದಿಗೆ ನಡೆದಳು. ಸೊಸೆಯಂದಿರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಸಾಹೇಬರು ಗುಣಮಟ್ಟ ತೃಪ್ತಿಕರವೆಂದು ಬರೆದುಕೊಂಡರು. ಕಣ್ಣಲ್ಲಿ ನೀರು ಯಾಕೆಂದು ಕೇಳಿದರು.

"ಸಂತೋಷಕ್ಕರಿ," ಎಂದಳು.

ಅಡ್ಡಪರಿಣಾಮಗಳನ್ನು ನಮೂದಿಸುವುದು ಕಡ್ಡಾಯ. ಸಾಹೇಬರು ಅವಳ ಸೆರಗಿನ ಚೀಟಿಯ ಕೆಳಗೆ ಸಣ್ಣಕ್ಷರದಲ್ಲಿ 'ಸಂತೋಷ ಉಂಟಾಗಬಹುದು' ಎಂದು ಸೇರಿಸಿ, ಸಹಿ ಮಾಡಿ, ಚಹಾ ಕುಡಿದು ಹೋದರು.